ಮಳೆ ಎಣಿಸುವ ಪೆಟ್ಟಿಗೆ

ಎಟಿಎಂ ಕಾರ್ಡಿನಷ್ಟಗಲದ ಒಂದು ಬೋರ್ಡು, ನಾಲ್ಕು ವೈರು, ಒಂದು ಆಲಿಕೆ. ಕೇಂಬ್ರಿಜ್‌ನಲ್ಲಿ ಮಕ್ಕಳಿಗಾಗಿ ಹುಟ್ಟಿದ ಅಗ್ಗದ ಕಂಪ್ಯೂಟರ್ ಸಕಲೇಶಪುರದ ಕಾಫಿ ತೋಟದ ಮನೆಗೆ ಬಂತು. ಅಪ್ಪನ ಐವತ್ತು ವರ್ಷದ ಮಳೆ ಪುಸ್ತಕದ ಎದುರು ನಿಂತು ವಾದ ಮಾಡಿತು. ಮೂರು ಸಲ ಸೋತಿತು. ಪ್ರತಿ ಸೋಲಿನಲ್ಲೂ ಮನೆಮಂದಿ ಹೊಸದೊಂದು ಕಲಿತರು.

ಮಾರ್ಚ್ ತಿಂಗಳ ಒಂದು ಸಂಜೆ. ಬೆಳಗಿನಿಂದ ಕುದಿದು ಕುದಿದು ನಾಲ್ಕೂವರೆಗೆ ಗುಡ್ಡದಾಚೆ ಕಪ್ಪು ಕಟ್ಟಿತು. ಸಿಲ್ವರ್ ಓಕ್ ಮರಗಳು ತಲೆ ತೂಗಿದವು. ಆಮೇಲೆ ಯಾರೋ ಬೆರಳಲ್ಲಿ ಬಡಿದ ಹಾಗೆ ಹೆಂಚಿನ ಮೇಲೆ ಮೊದಲ ಹನಿಗಳು.

ಅಪ್ಪ ಜಗಲಿಯಲ್ಲಿ ಮಾತಿಲ್ಲದೆ ಕೂತಿದ್ದರು. ಕಾಫಿ ಬೆಳೆಯುವವರಿಗೆ ಇಡೀ ವರ್ಷದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಹೂಮಳೆ ಬಂತು. ಎಷ್ಟು ಬಂತು?

ನಡುಮನೆಯ ಗೋಡೆಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ಪರದೆಯೊಂದಿದೆ. ಅದರಲ್ಲಿ ಅಂಕಿ ಏರತೊಡಗಿತು. ಹನ್ನೊಂದು. ಹನ್ನೆರಡು. ಹದಿಮೂರು. ಎಂಟನೇ ಕ್ಲಾಸಿನ ಮಗಳು ಅದರ ಮುಂದೆ ನಿಂತು ಕ್ರಿಕೆಟ್ ಸ್ಕೋರ್ ಹೇಳುವವಳಂತೆ ಕೂಗಿ ಹೇಳುತ್ತಿದ್ದಳು.

ಏಳು ಗಂಟೆಗೆ ಪಕ್ಕದ ತೋಟದವರ ಫೋನು. “ಎಷ್ಟಾಯ್ತಣ್ಣ ನಿಮ್ಕಡೆ?”

“ಇನ್ನೂ ಹುಯ್ತಾ ಇದೆ ಮಾರಾಯ. ನಲವತ್ತಾಗಿದೆ.”

ಐವತ್ತು ವರ್ಷದಲ್ಲಿ ಅಪ್ಪ ಮಳೆ ನಿಲ್ಲುವ ಮುಂಚೆ ಲೆಕ್ಕ ಹೇಳಿದ್ದನ್ನು ನಾನು ಕೇಳಿರಲಿಲ್ಲ. “ಬೆಳಿಗ್ಗೆ ಗಾಜು ನೋಡಿ ಹೇಳ್ತೀನಿ” ಎನ್ನುವುದೇ ಅವರ ಉತ್ತರವಾಗಿತ್ತು.

ಇಂಚು, ಸೆಂಟ್ಸ್

ಮಲೆನಾಡಿನ ಕಾಫಿ ಸೀಮೆಯಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಹಿರಿಯರಿಗೆ ಹಿಡಿಸುವುದಿಲ್ಲ. ಅಲ್ಲಿನ ಲೆಕ್ಕ ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಸಂಜೆ ಫೋನಿನಲ್ಲಿ, ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲೆಲ್ಲೂ ಅದೇ ಮಾತು: “ನಮಗೆ ಎಂಬತ್ತು ಬಂತು, ಹೊಳೆಯಾಚೆ ಇಪ್ಪತ್ತೂ ಇಲ್ಲ.”

ಈ ಲೆಕ್ಕ ಬರೀ ಮಾತಿಗಲ್ಲ. ರೊಬಸ್ಟಾ ಗಿಡದ ಮೊಗ್ಗು ಬೇಸಿಗೆಯಲ್ಲಿ ಒಣಗಿ ಕಾಯುತ್ತಿರುತ್ತದೆ. ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮತ್ತೆರಡು ಮೂರು ವಾರಕ್ಕೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದನ್ನು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಮೊದಲ ಮಳೆ ಅರ್ಧಂಬರ್ಧ ಬಂದರೆ ಕಷ್ಟ. ಮೊಗ್ಗು ಎಚ್ಚರಗೊಂಡಿರುತ್ತದೆ, ಅರಳುವ ಶಕ್ತಿ ಇರುವುದಿಲ್ಲ. ಆಗ ಸ್ಪ್ರಿಂಕ್ಲರ್ ಪೈಪು ಹೊತ್ತುಕೊಂಡು ಓಡಿ, ಕೊರತೆಯಷ್ಟನ್ನು ನೀರು ಹಾಯಿಸಿ ತುಂಬಿಸಬೇಕು. ಬಿದ್ದದ್ದು ನಲವತ್ತೋ ತೊಂಬತ್ತೋ ಎಂಬುದು ಡೀಸೆಲ್ಲಿನ ಪ್ರಶ್ನೆ, ಆಳಿನ ಪ್ರಶ್ನೆ, ವರ್ಷದ ಫಸಲಿನ ಪ್ರಶ್ನೆ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಬಹಳ ಒಳ್ಳೆಯ ಕೆಲಸ. ಆದರೆ ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗೆ ಗೊತ್ತಿರುವುದಿಲ್ಲ. ತೋಟದ ಮಳೆಯನ್ನು ತೋಟದಲ್ಲೇ ಅಳೆಯಬೇಕು.

ಅಪ್ಪ 1976ರಿಂದ ಅಳೆಯುತ್ತಿದ್ದಾರೆ. ಅಂಗಳದ ತುದಿಯಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ತಾಮ್ರದ ಆಲಿಕೆ, ಒಳಗೆ ಗೆರೆ ಹಾಕಿದ ಗಾಜು. ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಒಂದು ಕೈಯಲ್ಲಿ, ಗಾಜು ಇನ್ನೊಂದರಲ್ಲಿ. ಓದಿ, ಚೆಲ್ಲಿ, ಬಂದು ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕದ ಎದುರಿಗೆ ನಾನು ತಂದು ನಿಲ್ಲಿಸಿದ್ದು ರಾಸ್‌ಪ್‌ಬೆರಿ ಪೈ.

ಚಪ್ಪಲಿ ಹೊರಗೆ ಬಿಟ್ಟು ನೋಡಿದ ಕಂಪ್ಯೂಟರ್

ಈ ಬೋರ್ಡಿನ ಕಥೆಗೆ ನನ್ನ ಬಾಲ್ಯದ ನಂಟೊಂದಿದೆ.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ತಂದು ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತು. ನಾನು ಓದಿದ ಶಾಲೆಗೂ ಆ ಯಂತ್ರ ಬಂದಿತ್ತು. ಅದರ ಕೋಣೆಗೆ ಪರದೆ ಕಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಹೋಗಿ, ಕೈಕಟ್ಟಿ ನೋಡಿ ಬರಬೇಕು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಟ್ಟದ್ದು ನೆನಪಿದೆ. ಕೀಲಿ ಒತ್ತಿದ ನೆನಪು ಒಂದೂ ಇಲ್ಲ. ಕೆಟ್ಟರೆ ಯಾರು ಕೊಡುತ್ತಾರೆ ಎಂಬ ಭಯ ಮೇಷ್ಟ್ರಿಗೆ. ಆ ಭಯ ಸಹಜವೇ ಆಗಿತ್ತು. ಅಷ್ಟು ದುಬಾರಿ ವಸ್ತು ಅದು.

ಅದೇ ಯಂತ್ರವನ್ನು ಬ್ರಿಟನ್ನಿನ ಮಕ್ಕಳು ಮನೆಯಲ್ಲೇ ಒತ್ತಿ, ಕೆಡಿಸಿ, ಸರಿಮಾಡಿ ಬೆಳೆದರು. 1981ರ ಕೊನೆಯಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಅದನ್ನು ತಯಾರಿಸಿತ್ತು. ಸ್ವಿಚ್ ಹಾಕಿದರೆ ಖಾಲಿ ಪರದೆ, ಮಿನುಗುವ ಗುರುತು. ಏನಾದರೂ ಆಗಬೇಕಾದರೆ ನೀವೇ ಬರೆಯಬೇಕು. ಹಾಗೆ ಬಿಬಿಸಿ ಮೈಕ್ರೊ ಮುಂದೆ ಕೂತು ಬೆಳೆದ ಒಬ್ಬ ಹುಡುಗ ಎಬನ್ ಅಪ್ಟನ್.

ಮುಂದೆ ಅಪ್ಟನ್ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳನ್ನು ಆರಿಸುವ ಜಾಗದಲ್ಲಿ ಕೂತರು. ಆಗ ಅವರಿಗೂ ಅವರ ಸಹೋದ್ಯೋಗಿಗಳಿಗೂ ಒಂದು ಸಂಗತಿ ಕಾಣಿಸಿತು. ಅರ್ಜಿ ಹಾಕುವವರ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಬಂದವರೂ ಮೊದಲಿನವರಂತೆ ಪ್ರೋಗ್ರಾಮ್ ಬರೆದು ಪಳಗಿ ಬಂದವರಲ್ಲ. ಮನೆಗಳಲ್ಲಿ ಕಂಪ್ಯೂಟರ್ ಹೆಚ್ಚಿದ್ದವು, ಆದರೆ ಅವೆಲ್ಲ ಮುಚ್ಚಿದ ಪೆಟ್ಟಿಗೆಗಳು. ಆಟದ ಯಂತ್ರವನ್ನು ಆಡಬಹುದು, ಬಿಚ್ಚುವಂತಿಲ್ಲ. ಅಪ್ಪ ಅಮ್ಮನ ಆಫೀಸು ಕೆಲಸ ಇರುವ ಲ್ಯಾಪ್‌ಟಾಪನ್ನು ಮಗು ಮುಟ್ಟುವಂತಿಲ್ಲ.

ಹಾಗಾದರೆ ಮಗುವಿನದೇ ಆದ ಒಂದು ಕಂಪ್ಯೂಟರ್ ಬೇಕು. ಕೆಟ್ಟರೆ ಮನೆಯಲ್ಲಿ ಯಾರೂ ಬೈಯದಷ್ಟು ಅಗ್ಗದ್ದು. ರಾಬ್ ಮಲಿನ್ಸ್, ಜ್ಯಾಕ್ ಲ್ಯಾಂಗ್, ಆಲನ್ ಮೈಕ್ರಾಫ್ಟ್, ಪೀಟ್ ಲೋಮಸ್, ಡೇವಿಡ್ ಬ್ರೇಬನ್ ಇವರೊಂದಿಗೆ ಸೇರಿ ಅಪ್ಟನ್ ದತ್ತಿಸಂಸ್ಥೆಯೊಂದನ್ನು ಕಟ್ಟಿದರು. 2012ರ ಫೆಬ್ರುವರಿ 29ರ ಬೆಳಗಿನ ಜಾವ ಬೋರ್ಡು ಮಾರಾಟಕ್ಕೆ ಬಂತು. ಬೆಲೆ 35 ಡಾಲರ್. ಮೊದಲ ಕಂತಿನಲ್ಲಿ ಮಾಡಿಸಿದ್ದು ಹತ್ತು ಸಾವಿರ. ಮಾರುವ ಎರಡೂ ಕಂಪನಿಗಳ ಜಾಲತಾಣ ಆ ಬೆಳಿಗ್ಗೆ ಜನರ ನೂಕಿಗೆ ಕುಸಿದವು.

ಎರಡು ಮಾದರಿಗಳಿಗೆ ‘ಎ’, ‘ಬಿ’ ಎಂದು ಹೆಸರಿಟ್ಟದ್ದು ಹಳೆಯ ಬಿಬಿಸಿ ಮೈಕ್ರೊದ ನೆನಪಿಗೆ. ಹಣ್ಣಿನ ಹೆಸರಿಡುವುದು ಆಪಲ್, ಏಪ್ರಿಕಾಟ್, ಏಕಾರ್ನ್ ಕಾಲದ ರೂಢಿ. ‘ಪೈ’ ಬಂದದ್ದು ಪೈಥಾನ್ ಭಾಷೆಯಿಂದ. ಇನ್ನೂ ಒಂದು ನಂಟಿದೆ: ಪೈ ಒಳಗಿರುವ ಪ್ರೊಸೆಸರ್‌ನ ವಿನ್ಯಾಸ ಆರ್ಮ್, 1985ರಲ್ಲಿ ಅದೇ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ವಂಶದ್ದು. ಇಂದು ನಮ್ಮೆಲ್ಲರ ಜೇಬಿನ ಫೋನುಗಳಲ್ಲೂ ಅದೇ ವಂಶ.

ಅಂದು ಪರದೆಯ ಹಿಂದೆ ಕೈಕಟ್ಟಿ ನೋಡಿದ ಯಂತ್ರದ ಮೊಮ್ಮಗು ಇಂದು ನನ್ನ ಮಗಳ ಅಂಗೈಯಲ್ಲಿದೆ. ಅವಳು ಅದಕ್ಕೆ ಸೋಲ್ಡರ್ ಹಾಕುತ್ತಾಳೆ.

> ಮುಖಪುಟಕ್ಕೆ ಅಂಟಿಸಿ ಕೊಟ್ಟರು
> 2015ರ ನವೆಂಬರ್ 26ರಂದು ಪೈ ಜೀರೊ ಬಂತು. ಬೆಲೆ ಐದು ಡಾಲರ್. ‘ಮ್ಯಾಗ್‌ಪೈ’ ಪತ್ರಿಕೆಯ 40ನೇ ಸಂಚಿಕೆಯ ಮುಖಪುಟಕ್ಕೆ ಅದನ್ನು ಅಂಟಿಸಿ ಪುಕ್ಕಟೆ ಹಂಚಿದರು. ಪತ್ರಿಕೆ ಕೊಂಡರೆ ಕಂಪ್ಯೂಟರ್ ಉಚಿತ.
> ಅದೇ ವರ್ಷ ಡಿಸೆಂಬರಿನಲ್ಲಿ ಎರಡು ಪೈಗಳು ಅಂತರಿಕ್ಷ ನಿಲ್ದಾಣಕ್ಕೆ ಹೋದವು. ಶಾಲಾ ಮಕ್ಕಳು ಬರೆದ ಪ್ರೋಗ್ರಾಮ್‌ಗಳು ಅಲ್ಲಿ ಓಡಿದವು.
> 2024ರ ಜೂನ್‌ನಲ್ಲಿ ಪೈ ತಯಾರಿಸುವ ಕಂಪನಿ ಲಂಡನ್ ಷೇರುಪೇಟೆ ಸೇರಿತು. ಆ ಹೊತ್ತಿಗೆ ಮಾರಾಟವಾದ ಬೋರ್ಡುಗಳು ಆರು ಕೋಟಿಗೂ ಹೆಚ್ಚು.

ಒಂದು ಏತ, ಒಂದು ಅಯಸ್ಕಾಂತ

ಮಳೆಯನ್ನು ಕಂಪ್ಯೂಟರ್ ಎಣಿಸುವುದು ಹೇಗೆ? ಉಪಾಯ ಬಹಳ ಹಳೆಯದು, ಬಹಳ ಚಂದದ್ದು.

ಆಲಿಕೆಯ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ಬೋಗುಣಿಗಳಿವೆ. ಒಂದು ತುಂಬಿದೊಡನೆ ಭಾರಕ್ಕೆ ಬಾಗಿ ನೀರು ಚೆಲ್ಲುತ್ತದೆ. ಆಗ ಇನ್ನೊಂದು ಮೇಲೆ ಬಂದು ಆಲಿಕೆಗೆ ಬಾಯೊಡ್ಡುತ್ತದೆ. ನಡುವಿನಲ್ಲಿ ಚೂರು ಅಯಸ್ಕಾಂತ. ಪ್ರತಿ ಬಾಗಿಗೂ ಅದು ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಸ್ವಿಚ್ಚಿನೊಳಗಿನ ಎರಡು ತೆಳು ತಗಡು ಕ್ಷಣಕಾಲ ಕೂಡಿಕೊಳ್ಳುತ್ತವೆ. ಅದರ ಎರಡು ವೈರು ಪೈ ಬೋರ್ಡಿನ ಎರಡು ಪಿನ್ನಿಗೆ. ತಗಡು ಕೂಡಿತೆಂದರೆ ಲೆಕ್ಕಕ್ಕೆ ಒಂದು.

ಪೈ ಬೋರ್ಡಿನ ಅಂಚಿನಲ್ಲಿರುವ ನಲವತ್ತು ಪಿನ್ನುಗಳೇ ಅದನ್ನು ಬೇರೆ ಕಂಪ್ಯೂಟರುಗಳಿಂದ ಬೇರೆ ಮಾಡುವುದು. ಲ್ಯಾಪ್‌ಟಾಪಿಗೆ ಮಳೆ ಬಂದದ್ದನ್ನು ತಿಳಿಸಲು ನೇರ ದಾರಿಯಿಲ್ಲ. ಪೈಗೆ ಎರಡು ವೈರು ಸಾಕು. ಪ್ರೋಗ್ರಾಮ್ ಬರೆಯುವುದೂ ಕಷ್ಟವಲ್ಲ, ಹತ್ತು ಸಾಲಿನ ಪೈಥಾನ್. ಮಗಳು ಬೇಸಿಗೆ ರಜೆಯ ಒಂದು ಮಧ್ಯಾಹ್ನದಲ್ಲಿ ಬರೆದಳು.

ಮೊದಲ ದಿನವೇ ತೊಂದರೆ. ಒಮ್ಮೆ ಬಾಗಿದರೆ ಮೂರು ಎಣಿಕೆ. ರೀಡ್ ಸ್ವಿಚ್ಚಿನ ತಗಡು ಒಂದನ್ನೊಂದು ಮುಟ್ಟುವಾಗ ಸ್ವಲ್ಪ ಪುಟಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಪುಟಿತವನ್ನು ಕಂಪ್ಯೂಟರ್ ಒಂದೊಂದಾಗಿ ಎಣಿಸುತ್ತದೆ. ಒಂದು ಎಣಿಕೆಯಾದ ಮೇಲೆ ಅರೆಗಳಿಗೆ ಕಿವಿ ಮುಚ್ಚಿಕೋ ಎಂದು ಒಂದು ಸಾಲು ಸೇರಿಸಿದೆವು. ಸರಿಹೋಯಿತು.

> ಒಂದು ಇಂಚಿಗೆ ಎಷ್ಟು ಬಾಗು?
> ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಬೋಗುಣಿಯ ಮಾಪಕ ಒಮ್ಮೆ ಬಾಗಿದರೆ 0.2794 ಮಿಲಿಮೀಟರ್ ಮಳೆ. ಇಂಚಿನ ಲೆಕ್ಕದಲ್ಲಿ 1.1 ಸೆಂಟ್ಸ್. 91 ಸಲ ಬಾಗಿದರೆ ಒಂದು ಇಂಚು.
> ಆಲಿಕೆಯ ಬಾಯಿ ನೂರು ಚದರ ಸೆಂಟಿಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆ ಎಂದರೆ ಹತ್ತು ಮಿಲಿಲೀಟರ್ ನೀರು. ಈ ಒಂದು ಸೂತ್ರ ಗೊತ್ತಿದ್ದರೆ ಯಾವ ಮಾಪಕವನ್ನೂ ಮನೆಯಲ್ಲೇ ಪರೀಕ್ಷಿಸಬಹುದು.

ಮೂರು ಜಗಳ

ಜೂನ್ ಬಂತು. ಮುಂಗಾರು ಹಿಡಿಯಿತು. ಗಾಜಿಗೂ ಪೆಟ್ಟಿಗೆಗೂ ಜಗಳ ಶುರುವಾಯಿತು.

ಮೊದಲ ಜಗಳ ದಿನದ್ದು. ಸೋಮವಾರ ಅಪ್ಪನ ಪುಸ್ತಕದಲ್ಲಿ ಎರಡು ಇಂಚು ಹತ್ತು, ಪೆಟ್ಟಿಗೆಯಲ್ಲಿ ಎಪ್ಪತ್ತು ಸೆಂಟ್ಸ್. ಮಂಗಳವಾರ ಪುಸ್ತಕದಲ್ಲಿ ಮೂವತ್ತು, ಪೆಟ್ಟಿಗೆಯಲ್ಲಿ ಒಂದೂಮುಕ್ಕಾಲು ಇಂಚು. “ನಿಮ್ಮ ಕಂಪ್ಯೂಟರಿಗೆ ವಾರವೇ ಗೊತ್ತಿಲ್ಲ” ಎಂದರು ಅಪ್ಪ. ವಾರದ ಮೊತ್ತ ಮಾತ್ರ ಹೆಚ್ಚುಕಡಿಮೆ ಹೊಂದುತ್ತಿತ್ತು. ಮಗಳಿಗೆ ಅದು ಹೊಳೆಯಿತು. ಅವಳ ಪ್ರೋಗ್ರಾಮಿನಲ್ಲಿ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ತಾತನ ದಿನ ಬೆಳಿಗ್ಗೆ ಏಳರಿಂದ ಏಳಕ್ಕೆ. ಹವಾಮಾನ ಇಲಾಖೆಯೂ ನಡುರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮಳೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಐವತ್ತು ವರ್ಷದ ಪುಸ್ತಕ ಇರುವಾಗ ಬದಲಾಗಬೇಕಾದದ್ದು ಪ್ರೋಗ್ರಾಮು. ಬದಲಾಯಿತು.

ಎರಡನೇ ಜಗಳ ಇಲ್ಲದ ಮಳೆಯದು. ಒಂದು ದಿನ ಬಿಸಿಲು ಬಿದ್ದಿತ್ತು, ಗಾಜು ಒಣಗಿತ್ತು, ಪೆಟ್ಟಿಗೆ ಮಾತ್ರ ಮಧ್ಯಾಹ್ನ ಐದು ಸೆಂಟ್ಸ್ ಬರೆದುಕೊಂಡಿತ್ತು. ಮರುದಿನ ಮತ್ತೆ. ಅಪ್ಪ ಕಂಬದ ಹತ್ತಿರ ಹೋಗಿ ಸುಮ್ಮನೆ ಅರ್ಧ ಗಂಟೆ ನಿಂತರು. ಗಾಳಿ ಬೀಸಿತು. ನಾವು ನೆಟ್ಟ ತೆಳು ಕಬ್ಬಿಣದ ಪೈಪು ನಡುಗಿತು, ಒಳಗಿನ ಏತ ತಾನಾಗಿ ಬಾಗಿತು. “ಇದು ಗಾಳಿ ಎಣಿಸ್ತಿದೆ” ಎಂದು ಕೂಗಿದರು. ಅವರದೇ ಕಲ್ಲಿನ ಕಟ್ಟೆಯ ಒಂದು ಬದಿಗೆ ಪೆಟ್ಟಿಗೆಯನ್ನು ಬಿಗಿದೆವು. ಆ ಕಟ್ಟೆಯನ್ನು ಅಪ್ಪ ಅಷ್ಟು ಗಟ್ಟಿಯಾಗಿ ಯಾಕೆ ಕಟ್ಟಿಸಿದ್ದರು ಎಂದು ನನಗೆ ಗೊತ್ತಾದದ್ದು ಅಂದು.

ಮೂರನೇ ಜಗಳ ದೊಡ್ಡದು. ಜುಲೈ ತಿಂಗಳ ಒಂದು ರಾತ್ರಿ ಮುಸಲಧಾರೆ. ಬೆಳಿಗ್ಗೆ ಗಾಜು ನಾಲ್ಕು ಇಂಚು ಇಪ್ಪತ್ತು ಎಂದಿತು. ಪೆಟ್ಟಿಗೆ ಮೂರು ಎಂಬತ್ತೈದು. ಸಣ್ಣ ಮಳೆಯಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಜೋರು ಮಳೆಯಲ್ಲಿ ಮಾತ್ರ ಪೆಟ್ಟಿಗೆ ಯಾವಾಗಲೂ ಕಡಿಮೆ ಹೇಳುತ್ತಿತ್ತು.

ಕಾರಣ ಆ ಏತದಲ್ಲೇ ಇದೆ. ಬೋಗುಣಿ ಬಾಗಲು ಅರೆಕ್ಷಣ ಬೇಕು. ಬಾಗುತ್ತಿರುವಾಗಲೂ ಮೇಲಿನಿಂದ ನೀರು ಸುರಿಯುತ್ತಲೇ ಇರುತ್ತದೆ. ಆಗಲೇ ತುಂಬಿದ ಬೋಗುಣಿಗೆ ಬಿದ್ದ ಆ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಜಿಟಿಜಿಟಿ ಮಳೆಯಲ್ಲಿ ಅದು ನಗಣ್ಯ. ಸುರಿಮಳೆಯಲ್ಲಿ ನಿಮಿಷಕ್ಕೆ ಹಲವು ಸಲ ಬಾಗುವಾಗ ಎಲ್ಲ ಸೇರಿ ದೊಡ್ಡದಾಗುತ್ತದೆ. ಲೋಕದ ದುಬಾರಿ ಮಾಪಕಗಳಿಗೂ ಈ ದೋಷ ತಪ್ಪಿದ್ದಲ್ಲ. ಅದನ್ನು ಅಳೆದು ತಿದ್ದಿಕೊಳ್ಳುತ್ತಾರೆ ಅಷ್ಟೆ.

ನಾವೂ ಅಳೆದೆವು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ಟು ತಂದು, ಅಳತೆ ಮಾಡಿದ ನೀರನ್ನು ಆಲಿಕೆಗೆ ಮೊದಲು ಹನಿಹನಿಯಾಗಿ, ಆಮೇಲೆ ಜೋರಾಗಿ ಬಿಟ್ಟು ಎಷ್ಟು ಬಾಗು ಬಂತೆಂದು ಎಣಿಸಿದೆವು. ಒಂದೇ ನೀರು, ಬಿಟ್ಟ ವೇಗ ಬೇರೆ, ಎಣಿಕೆ ಬೇರೆ. ಮಗಳು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದಳು. ತಾತ ಪಕ್ಕದಲ್ಲಿ ಕೂತು ಚುಕ್ಕಿ ಇಡಲು ಅಂಕಿ ಹೇಳಿದರು. ಭೌತವಿಜ್ಞಾನದ ಅಷ್ಟು ಒಳ್ಳೆಯ ಪಾಠ ನನಗೆ ಯಾವ ಪ್ರಯೋಗಶಾಲೆಯಲ್ಲೂ ಸಿಕ್ಕಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಹೊಳೆಯುವ ಡಿಜಿಟಲ್ ಹವಾಮಾನ ಯಂತ್ರ ತಂದಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಮೂರು ಎಂಬತ್ತೈದು ಎಂದಿದ್ದರೆ ನಂಬಬೇಕಿತ್ತು, ಇಲ್ಲವೇ ಎಸೆಯಬೇಕಿತ್ತು. ಯಾಕೆ ಹಾಗೆ ಹೇಳಿದೆ ಎಂದು ಕೇಳುವ ಬಾಗಿಲು ಅದಕ್ಕಿಲ್ಲ. ಪೈ ಕೊಟ್ಟದ್ದು ಆ ಬಾಗಿಲು.

ಅಪ್ಪ ಪುಸ್ತಕದಲ್ಲಿ ಸ್ಕೇಲು ಇಟ್ಟು ಹೊಸ ಕಂಬ ಎಳೆದರು. ಒಂದಕ್ಕೆ ‘ಗಾಜು’ ಎಂದೂ ಇನ್ನೊಂದಕ್ಕೆ ‘ಪೆಟ್ಟಿಗೆ’ ಎಂದೂ ತಲೆಬರಹ ಕೊಟ್ಟರು.

ಸಿಡಿಲು, ಗಡಿಯಾರ, ಜೇಡ

ಮಲೆನಾಡಿನ ಮಳೆಗಾಲ ಎಲೆಕ್ಟ್ರಾನಿಕ್ಸಿಗೆ ದಯೆ ತೋರುವುದಿಲ್ಲ.

ಮೊದಲ ವರ್ಷ ಅಂಗಳದಿಂದ ಮನೆಯೊಳಗೆ ಹದಿನೈದು ಮೀಟರ್ ವೈರು ಎಳೆದಿದ್ದೆವು. ಅಕ್ಟೋಬರಿನ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಉದ್ದನೆಯ ವೈರು ಅದರ ಝಳವನ್ನು ಹೊತ್ತು ತಂದು ಬೋರ್ಡನ್ನು ಸುಟ್ಟಿತು. ಈಗ ಕಟ್ಟೆಯ ಬುಡದ ಡಬ್ಬಿಯಲ್ಲಿ ಪೈ ಪಿಕೊ ಡಬ್ಲ್ಯು ಎಂಬ ಪುಟ್ಟ ಬೋರ್ಡು ಕೂತು ಎಣಿಸುತ್ತದೆ, ವೈಫೈಯಲ್ಲಿ ಮನೆಯೊಳಗಿನ ಪೈಗೆ ಹೇಳುತ್ತದೆ. ಅದಕ್ಕೆ ನಾಲ್ಕು ಸೆಲ್ಲಿನ ಬ್ಯಾಟರಿ, ವಾರಕ್ಕೊಮ್ಮೆ ಚಾರ್ಜು. ಅಂಗಳಕ್ಕೂ ಮನೆಗೂ ನಡುವೆ ವೈರಿಲ್ಲ.

ಗಡಿಯಾರದ ಪಾಠ ಇನ್ನೂ ವಿಚಿತ್ರ. ಹಳೆಯ ಪೈ ಬೋರ್ಡುಗಳಲ್ಲಿ ಸ್ವಂತ ಗಡಿಯಾರವಿಲ್ಲ. ಹೊತ್ತೆಷ್ಟು ಎಂದು ಅವು ಇಂಟರ್‌ನೆಟ್ಟನ್ನು ಕೇಳುತ್ತವೆ. ಒಂದು ಸಲ ಎರಡು ದಿನ ಕರೆಂಟು ಹೋಯಿತು, ಯುಪಿಎಸ್ ಕೂಡ ಖಾಲಿ. ಲೈನ್‌ಮನ್ ಮರ ತೆಗೆಸಿ ಕರೆಂಟು ಕೊಟ್ಟಾಗ ಇಂಟರ್‌ನೆಟ್ ಇನ್ನೂ ಬಂದಿರಲಿಲ್ಲ. ಪೈ ತಾನು ನಿಂತ ಗಳಿಗೆಯಿಂದಲೇ ಕಾಲ ಮುಂದುವರಿದಿದೆ ಎಂದುಕೊಂಡಿತು. ಗುರುವಾರದ ಮಳೆಯೆಲ್ಲ ಮಂಗಳವಾರದ ಲೆಕ್ಕಕ್ಕೆ ಸೇರಿತು. ಬಟನ್ ಸೆಲ್ ಇರುವ ಡಿಎಸ್3231 ಎಂಬ ಗಡಿಯಾರದ ಚಿಪ್ಪು ಸೇರಿಸಿದ ಮೇಲೆ ಆ ಕಾಟ ತೀರಿತು. 2023ರಲ್ಲಿ ಬಂದ ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಸೇರಿಸಿದರಾಯಿತು.

ದಿಢೀರ್ ಕರೆಂಟು ಹೋದರೆ ಎಸ್‌ಡಿ ಕಾರ್ಡೂ ಕೆಡುತ್ತದೆ. ಬರೆಯುತ್ತಿರುವಾಗ ಪೆನ್ನು ಕಿತ್ತುಕೊಂಡ ಹಾಗೆ. ಕಾರ್ಡಿನ ನಕಲು ಒಂದು ಇಟ್ಟುಕೊಳ್ಳದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು.

ಜೇಡ ಮಾತ್ರ ಯಾವ ಚಿಪ್ಪಿಗೂ ಬಗ್ಗುವುದಿಲ್ಲ. ಆಲಿಕೆಯ ಕಂಠದಲ್ಲಿ ಬಲೆ ಕಟ್ಟಿದರೆ ಎಣಿಕೆ ನಿಂತಿತು. ತಿಂಗಳಿಗೊಮ್ಮೆ ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕುವುದೊಂದೇ ದಾರಿ.

ಒತ್ತಕ್ಷರ ಒಡೆದಾಗ

ಗೋಡೆಯ ಪರದೆ ಕನ್ನಡದಲ್ಲೇ ಇರಬೇಕು ಎಂದು ಮಗಳ ಹಟ. ‘ಮಳೆ’ ಚೆನ್ನಾಗಿ ಬಂತು. ‘ಒಟ್ಟು’ ಎಂದು ಬರೆಸಿದರೆ ‘ಒಟ್‌ಟು’ ಆಯಿತು. ‘ಇಂದು’ ಸರಿ, ‘ನಿನ್ನೆ’ ಒಡೆದು ‘ನಿನ್‌ನೆ’.

ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಅಕ್ಷರ ಅಕ್ಷರದ ಕೆಳಗೆ ಹೋಗುತ್ತದೆ, ಒಂದನ್ನೊಂದು ನೋಡಿ ರೂಪ ಬದಲಿಸುತ್ತದೆ. ಪೈಥಾನಿನಲ್ಲಿ ಚಿತ್ರ ಬಿಡಿಸುವ ಪಿಲ್ಲೊ ಎಂಬ ತಂತ್ರಾಂಶದ ಮೂಲ ವಿಧಾನಕ್ಕೆ ಅದು ಗೊತ್ತಿಲ್ಲ. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಅದರೊಂದಿಗೆ ಕೂಡಿಸಬೇಕು. ಕೂಡಿಸಿದಾಗ ಒತ್ತು ತನ್ನ ಜಾಗಕ್ಕೆ ಇಳಿಯಿತು. ಪೈ ನಡೆಯುವ ಕಾರ್ಯವ್ಯವಸ್ಥೆ ಡೆಬಿಯನ್ ಲಿನಕ್ಸಿನ ಮೇಲೆ ಕಟ್ಟಿದ್ದು. ಡೆಬಿಯನ್‌ನಲ್ಲಿ ಕನ್ನಡಕ್ಕೆ ಮುಕ್ತ ಫಾಂಟ್‌ಗಳಿವೆ. ಅವುಗಳಲ್ಲಿ ಎರಡರ ಹೆಸರು ಗುಬ್ಬಿ ಮತ್ತು ನವಿಲು. ಮಗಳು ಗುಬ್ಬಿಯನ್ನು ಆರಿಸಿಕೊಂಡಳು.

ಅಮ್ಮನಿಗೆ ಕಣ್ಣು ಮಂಜು. ಪುಟ್ಟ ಪರದೆ ಅವರಿಗೆ ಉಪಯೋಗವಿಲ್ಲ. ಇಸ್ಪೀಕ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಈಗ ಬೆಳಿಗ್ಗೆ ಏಳಕ್ಕೆ ಹಳೆಯ ಸ್ಪೀಕರಿನಿಂದ “ಒಂದು ಇಂಚು ಮೂವತ್ತು ಸೆಂಟ್ಸ್” ಎಂಬ ದನಿ ಹೊರಡುತ್ತದೆ. ದನಿ ಗಡಸು, ತಗಡಿನಂಥದ್ದು. ಆದರೆ ಅಡುಗೆಮನೆಯಲ್ಲಿ ಒಲೆ ಮುಂದೆ ಇದ್ದಲ್ಲೇ ಅವರಿಗೆ ಲೆಕ್ಕ ಗೊತ್ತಾಗುತ್ತದೆ.

ಅದೇ ಪೈಗೆ ಒಂದು ಯುಎಸ್‌ಬಿ ಮೈಕ್ ಸಿಕ್ಕಿಸಿ ಹಕ್ಕಿಗಳ ದನಿ ಗುರುತಿಸುವುದನ್ನೂ ಮಾಡಿದ್ದೇವೆ. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ವಿಶ್ವವಿದ್ಯಾಲಯ ಸೇರಿ ಬರ್ಡ್‌ನೆಟ್ ಎಂಬ ತಂತ್ರಾಂಶ ರೂಪಿಸಿವೆ. ಅದು ಮೂರು ಮೂರು ಸೆಕೆಂಡಿನ ತುಣುಕು ಕೇಳಿ ಯಾವ ಹಕ್ಕಿ, ಎಷ್ಟು ಖಾತ್ರಿ ಎಂದು ಹೇಳುತ್ತದೆ. ಕುಟ್ರು, ಪಿಕಳಾರ, ಮಡಿವಾಳ, ಕಾಜಾಣ, ಕೆಂಬೂತ ಎಲ್ಲ ಪಟ್ಟಿಯಲ್ಲಿ ಬರುತ್ತವೆ. ಮಳೆ ಶುರುವಾಗಿ ಕಪ್ಪೆಗಳು ಕೂಗಿದರೆ ಅದಕ್ಕೆ ಗಲಿಬಿಲಿ. ಅದು ಬರೆದ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳುತ್ತೇವೆ. ಅವರು ಕಿವಿಯ ಸಾಕ್ಷಿ ಹೇಳಿ ಒಪ್ಪುತ್ತಾರೆ, ಇಲ್ಲವೇ ಹೊಡೆದುಹಾಕಿಸುತ್ತಾರೆ.

ಬೆಂಗಳೂರಿನ ಸಂಪು

ಬೆಂಗಳೂರಿನ ಮನೆಯಲ್ಲಿ ಪ್ರಶ್ನೆ ಬೇರೆ. ಕಾವೇರಿ ನೀರು ಯಾವಾಗ ಬಂತು, ಸಂಪಿನಲ್ಲಿ ಎಷ್ಟಿದೆ? 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದಾಗ ಊರಿಗೂರೇ ಸಂಪಿನ ಮುಚ್ಚಳ ತೆಗೆದು ಇಣುಕಿತ್ತು.

ಮುಚ್ಚಳದ ಒಳಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದರೆ ಇಣುಕುವ ಕೆಲಸವಿಲ್ಲ. ಬಾವಲಿಯ ವಿದ್ಯೆ ಅದು. ನಮಗೆ ಕೇಳದ ಸದ್ದನ್ನು ನೀರಿನ ಕಡೆಗೆ ಬಿಟ್ಟು ಮಾರ್ದನಿಗೆ ಕಾಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಒಂದು ಮೀಟರ್ ಕೆಳಗಿನ ನೀರು ಮುಟ್ಟಿ ಬರಲು ಆರು ಮಿಲಿಸೆಕೆಂಡು ಸಾಕು. ಅಗ್ಗದ ಎಚ್‌ಸಿ-ಎಸ್‌ಆರ್04 ಸೆನ್ಸರ್ ಸಂಪಿನ ಹಬೆಗೆ ಬೇಗ ಕೆಡುತ್ತದೆ. ಕಾರಿನ ಹಿಂಬದಿಯ ಸೆನ್ಸರಿನಂತೆ ಕಾಣುವ ನೀರು ತಾಗದ ಮಾದರಿಯೇ ಒಳ್ಳೆಯದು. ಅದಕ್ಕೆ ತೀರಾ ಹತ್ತಿರದ್ದು ಕಾಣಿಸುವುದಿಲ್ಲ. ಸಂಪು ತುಂಬಿದಾಗಲೂ ನೀರಿನಿಂದ ಒಂದು ಗೇಣು ಮೇಲಿರುವ ಹಾಗೆ ಕೂರಿಸಬೇಕು.

ಇದರ ಸುಖ ದೊಡ್ಡದು. ಒಂದು ತಿಂಗಳ ಗೆರೆ ನೋಡಿದಾಗ ರಾತ್ರಿ ಎರಡಕ್ಕೂ ನೀರು ನಿಧಾನವಾಗಿ ಇಳಿಯುತ್ತಿರುವುದು ಕಂಡಿತು. ಮಲಗಿದ ಮನೆಯಲ್ಲಿ ನೀರು ಖರ್ಚಾಗುವುದು ಹೇಗೆ? ಹಿತ್ತಿಲ ಬಚ್ಚಲಿನ ಫ್ಲಶ್ ಟ್ಯಾಂಕು ಸದ್ದಿಲ್ಲದೆ ಸೋರುತ್ತಿತ್ತು.

> 230 ವೋಲ್ಟಿಗೆ ಕೈ ಹಾಕಬೇಡಿ
> ಪೈ ಪಿನ್ನುಗಳು ತಡೆಯುವುದು 3.3 ವೋಲ್ಟ್ ಮಾತ್ರ. ಐದು ವೋಲ್ಟಿನ ಸೆನ್ಸರನ್ನು ನೇರ ಸೇರಿಸಿದರೆ ಬೋರ್ಡು ಕೆಡಬಹುದು. ನಡುವೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು.
> ಬೋರ್ಡು ಕೆಟ್ಟರೆ ಇನ್ನೊಂದು ತರಬಹುದು. ಮೋಟಾರು, ಗೀಸರ್, ಪಂಪಿನ ಕರೆಂಟು ಹಾಗಲ್ಲ. ಪಂಪನ್ನು ಪೈಯಿಂದ ಚಾಲೂ ಮಾಡಿಸುವ ಆಸೆ ಬಂದರೆ ಅದರ ವೈರಿಂಗನ್ನು ಕಾಂಟ್ಯಾಕ್ಟರ್ ಸಮೇತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.

ಅಗ್ಗ ಎಂಬುದು ಎಲ್ಲಿಯವರೆಗೆ?

ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಬೋರ್ಡು, ಸೆನ್ಸರ್, ಜಂಪರ್ ವೈರು ಎಲ್ಲ ಸಿಗುತ್ತವೆ. ಮಗಳನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ ಜಾತ್ರೆಗೆ ಬಂದವಳಂತೆ ಕಣ್ಣರಳಿಸಿದಳು. ನಮ್ಮ ಪೈ ಜೀರೊ 2 ಡಬ್ಲ್ಯು ಎರಡು ಸಾವಿರ ರೂಪಾಯಿಯೊಳಗೆ ಬಂತು.

ಆದರೆ ಅಗ್ಗ ಎಂಬ ಮಾತನ್ನು ಈಗ ಎಚ್ಚರದಿಂದ ಆಡಬೇಕಾಗಿದೆ. ಮಕ್ಕಳಿಗೆಂದು ಹುಟ್ಟಿದ ಬೋರ್ಡಿನ ಬಹುಪಾಲು ಇಂದು ಕಾರ್ಖಾನೆಗಳಿಗೆ ಹೋಗುತ್ತದೆ. 2021ರ ನಂತರ ಚಿಪ್ಪಿನ ಬರ ಬಂದಾಗ ಕಂಪನಿ ಮೊದಲು ಆ ಗಿರಾಕಿಗಳ ಕಡೆ ನೋಡಿತು. ಮನೆಯಲ್ಲಿ ಒಂದು ಬೋರ್ಡು ಬೇಕೆಂದವರು ತಿಂಗಳುಗಟ್ಟಲೆ ಕಾದರು. ಮೆಮೊರಿ ಚಿಪ್ಪುಗಳ ಬೆಲೆ ಏರಿದ್ದರಿಂದ 2025ರ ಡಿಸೆಂಬರಿನಲ್ಲಿ ಹಲವು ಮಾದರಿಗಳ ಬೆಲೆಯೂ ಏರಿತು. ಹೆಚ್ಚು ಮೆಮೊರಿಯ ಪೈ 5 ಇಂದು ಹಳೆಯ ಲ್ಯಾಪ್‌ಟಾಪಿನ ಬೆಲೆಗೆ ಹತ್ತಿರವಿದೆ. ಕೆಟ್ಟರೆ ಕೆಡಲಿ ಎಂದು ಮಗುವಿನ ಕೈಗೆ ಕೊಡುವ ವಸ್ತುವಲ್ಲ ಅದು. ಇದು ನನಗೆ ನೋವಿನ ಸಂಗತಿ. ಬೆಲೆ ಏರಿದಂತೆ ಪರದೆಯ ಹಿಂದಿನ ಆ ಕೋಣೆ ಮತ್ತೆ ಬಂದೀತು, ಚಪ್ಪಲಿ ಮತ್ತೆ ಹೊರಗೇ ಉಳಿದೀತು ಎಂಬ ಭಯ.

ಸದ್ಯಕ್ಕೆ ಜೀರೊ ಮತ್ತು ಪಿಕೊ ಆ ಬಾಗಿಲನ್ನು ತೆರೆದಿಟ್ಟಿವೆ. ಶಾಲೆಗೆ ಕೊಡುಗೆ ಕೊಡಬೇಕೆಂದಿರುವ ಹಳೆಯ ವಿದ್ಯಾರ್ಥಿಗಳು ಒಂದು ದೊಡ್ಡ ಕಂಪ್ಯೂಟರಿನ ಬದಲು ಹತ್ತು ಪಿಕೊ, ಒಂದು ಸೋಲ್ಡರಿಂಗ್ ಸೆಟ್ಟು, ಒಂದು ಮಳೆಮಾಪಕ ಕೊಡಲಿ. ನಮ್ಮೂರ ಶಾಲೆಯಲ್ಲಿ ಈ ಜೂನಿನಿಂದ ಅದನ್ನೇ ಮಾಡಬೇಕೆಂದಿದ್ದೇವೆ. ಅಪ್ಪ ತಮ್ಮ ಹಳೆಯ ಗಾಜೊಂದನ್ನು ಅದಕ್ಕೆ ಎತ್ತಿಟ್ಟಿದ್ದಾರೆ.

> ಪೈ ಬೇಕೆ, ಪಿಕೊ ಸಾಕೆ?
> ಬರೀ ಎಣಿಸುವುದು, ಅಳೆಯುವುದು, ಒಂದು ದೀಪ ಹಚ್ಚುವುದು ಇಷ್ಟಕ್ಕೆ ಪೂರ್ತಿ ಕಂಪ್ಯೂಟರ್ ಬೇಡ. ಪಿಕೊ, ಆರ್ಡುಯಿನೊ, ಇಎಸ್‌ಪಿ32ರಂಥ ಮೈಕ್ರೊಕಂಟ್ರೋಲರ್ ಬೋರ್ಡು ಸಾಕು. ಬೆಲೆ ಕಡಿಮೆ, ಕರೆಂಟೂ ಕಡಿಮೆ, ದಿಢೀರ್ ನಿಂತರೂ ಕೆಡುವುದಿಲ್ಲ.
> ಪರದೆ, ಕನ್ನಡ ಅಕ್ಷರ, ಹಕ್ಕಿ ದನಿ, ವರ್ಷಗಳ ಲೆಕ್ಕ ಕೂಡಿಡುವುದು ಬೇಕಾದರೆ ಪೈ.

ತೊಂಬತ್ತೆಂಟು

ಹೂಮಳೆಯ ಆ ರಾತ್ರಿ ಹತ್ತು ಗಂಟೆಗೆ ಅಂಕಿ ತೊಂಬತ್ತೆರಡಕ್ಕೆ ನಿಂತಿತು. ಅಪ್ಪ ಮಲಗಲು ಹೋದರು. ಸ್ಪ್ರಿಂಕ್ಲರ್ ಪೈಪು ಜೋಡಿಸಲು ನಾಳೆ ಬನ್ನಿ ಎಂದು ಹೇಳಿಟ್ಟಿದ್ದ ಹುಡುಗರಿಗೆ ಬೇಡ ಎಂದು ಫೋನು ಮಾಡಿಯೇ ಮಲಗಿದರು.

ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದರು. ಮಣ್ಣಿನ ವಾಸನೆ ಇನ್ನೂ ಆರಿರಲಿಲ್ಲ. ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಿದರು. ತೊಂಬತ್ತೆಂಟು.

ಒಳಗೆ ಬಂದು ಪುಸ್ತಕದಲ್ಲಿ ಎರಡೂ ಕಂಬ ತುಂಬಿದರು. ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ತಾತ, ಆರು ಸೆಂಟ್ಸ್ ಎಲ್ಲಿ ಹೋಯ್ತು?”

“ನಡುವೆ ಯಾವಾಗಲೋ ಜೋರಾಗಿ ಹೊಡೆದಿದೆ. ಎಷ್ಟೊತ್ತಿಗೆ ಅಂತ ಗಾಜಿಗೆ ಗೊತ್ತಿಲ್ಲ. ಹೋಗು, ಪೆಟ್ಟಿಗೇನ ಕೇಳು.”

ಅವಳು ಗೆರೆ ತೆಗೆದು ನೋಡಿದಳು. ಐದೂ ಮುಕ್ಕಾಲಿನಿಂದ ಆರರವರೆಗೆ ಗೆರೆ ನೆಟ್ಟಗೆ ಮೇಲೆದ್ದಿತ್ತು.